ಲೂಸಿಯಾ, ರುಕ್ಮಿಣಿಯ ದೂರದ ತಂಗಿ

ಲೂಸಿಯಾ ಅಂದರೆ ಕನ್ನಡಿಗರಲ್ಲಿ ಬಹಳ ಜನಕ್ಕೆ ಮೊದಲು ನೆನಪಾಗುವುದು ಹುಡುಗಿಯಲ್ಲ, ಒಂದು ಮಾತ್ರೆ. 2013ರಲ್ಲಿ ಪವನ್ ಕುಮಾರ್ ಜನರಿಂದಲೇ ದುಡ್ಡು ಸೇರಿಸಿ ತೆಗೆದ ಸಿನಿಮಾದಲ್ಲಿ ನಿದ್ದೆ ಬಾರದ ನಾಯಕ ನುಂಗುತ್ತಾನಲ್ಲ, ಆ ಮಾತ್ರೆಯ ಹೆಸರು ಲೂಸಿಯಾ. ನುಂಗಿ ಮಲಗಿದರೆ ಬೇಕಾದ ಬದುಕು ಕನಸಿನಲ್ಲಿ ಸಿಗುತ್ತದೆ.

ಆ ಹೆಸರಿಗೆ ನಿಜವಾಗಿ ಎರಡು ಸಾವಿರ ವರ್ಷದ ಹತ್ತಿರ ವಯಸ್ಸು. ಇಟಲಿಯಲ್ಲಿ ಅವಳು ಲುಚೀಯ, ಸ್ಪೇನಿನಲ್ಲಿ ಲುಥೀಯ, ಪೋರ್ಚುಗಲ್‌ನಲ್ಲಿ ಲುಜೀಯ, ಇಂಗ್ಲೆಂಡಿನಲ್ಲಿ ಲೂಸಿ. ನಮ್ಮ ಮಂಗಳೂರು, ಉಡುಪಿ ಕಡೆಯ ಕ್ರೈಸ್ತರ ಮನೆಗಳಲ್ಲೂ ಲೂಸಿ, ಲುಸಿಯಾ ಇದ್ದಾರೆ. ಸಾಮಾನ್ಯವಾಗಿ ಒಬ್ಬ ದೊಡ್ಡ ವ್ಯಕ್ತಿಯಿಂದ ಒಂದು ಹೆಸರಿಗೆ ಬೆಲೆ ಬರುತ್ತದೆ. ಈ ಹೆಸರಿನಲ್ಲಿ ಅದು ತಿರುವುಮುರುವು. ಹೆಸರಿನ ಅರ್ಥವೇ ಆ ಹೆಸರಿನವಳ ಕಥೆಯನ್ನು ಕಟ್ಟಿದೆ. ಹೇಗೆ ಅಂತ ನೋಡೋಣ.

ಲ್ಯಾಟಿನ್‌ನಲ್ಲಿ 'ಲಕ್ಸ್' ಅಂದರೆ ಬೆಳಕು. ಹೌದು, ನಮ್ಮ ಬಚ್ಚಲುಮನೆಯ ಲಕ್ಸ್ ಸೋಪಿನ ಹೆಸರೂ ಅದೇ ಪದ. ಈ ಬೆಳಕಿನಿಂದ ರೋಮನ್ನರು ಗಂಡುಮಕ್ಕಳಿಗೆ 'ಲೂಕಿಯುಸ್' ಅಂತ ಹೆಸರು ಮಾಡಿಕೊಂಡಿದ್ದರು. ಬೆಳಕು ಹರಿಯುವ ಹೊತ್ತಿಗೆ ಹುಟ್ಟಿದವನು ಅಂತ ಅವರೇ ಕೊಟ್ಟ ವಿವರಣೆ. ಶುಕ್ರವಾರ ಹುಟ್ಟಿದ ಹೆಣ್ಣುಮಗುವಿಗೆ ಲಕ್ಷ್ಮಿ ಅಂತ ಇಡುತ್ತೇವಲ್ವಾ, ಹಾಗೆ. ರೋಮಿನಲ್ಲಿ ಗಂಡಸರಿಗೆ ಇಡುವ ಮೊದಲ ಹೆಸರುಗಳು ತೀರಾ ಕಡಿಮೆ, ಹೆಚ್ಚು ಬಳಕೆಯಲ್ಲಿದ್ದವು ಇಪ್ಪತ್ತರ ಒಳಗೇ. ಅದಕ್ಕೆ ಶಾಸನಗಳಲ್ಲಿ ಪೂರ್ತಿ ಬರೆಯುವ ಗೋಜಿಗೂ ಹೋಗುತ್ತಿರಲಿಲ್ಲ. ಸುಮ್ನೆ 'ಎಲ್' ಅಂತ ಒಂದು ಅಕ್ಷರ ಕೆತ್ತಿದರೆ ಸಾಕು, ಓದುವವನಿಗೆ ಲೂಕಿಯುಸ್ ಅಂತ ತಿಳಿಯುತ್ತಿತ್ತು. ನಮ್ಮ ಇನಿಷಿಯಲ್ ಇದ್ದ ಹಾಗೆ.

ಹೆಣ್ಣುಮಕ್ಕಳ ಪಾಡು ಬೇರೆ. ರೋಮಿನ ದೊಡ್ಡ ಮನೆತನಗಳಲ್ಲಿ ಹೆಣ್ಣುಮಗುವಿಗೆ ಸ್ವಂತ ಹೆಸರು ಇಡುವ ರೂಢಿ ಇಲ್ಲವೆನ್ನುವಷ್ಟು ಕಡಿಮೆ. ಮನೆತನದ ಹೆಸರನ್ನೇ ಸ್ತ್ರೀಲಿಂಗ ಮಾಡಿ ಕರೆಯುತ್ತಿದ್ದರು. ಜೂಲಿಯಸ್ ಮನೆತನದಲ್ಲಿ ಹುಟ್ಟಿದವಳು ಜೂಲಿಯಾ, ಕ್ಲಾಡಿಯಸ್ ಮನೆತನದವಳು ಕ್ಲಾಡಿಯಾ. ಇಬ್ಬರು ಹುಟ್ಟಿದರೆ ಹಿರಿಯ ಜೂಲಿಯಾ, ಕಿರಿಯ ಜೂಲಿಯಾ, ಅಷ್ಟೇ. ಸೀಸರನ ಅಕ್ಕತಂಗಿಯರೂ ಜೂಲಿಯಾ, ಮಗಳೂ ಜೂಲಿಯಾ. ಅಂಥ ಕಡೆ ಲೂಕಿಯುಸ್‌ನ ಹೆಣ್ಣು ರೂಪವಾದ ಲೂಕಿಯಾ ಅಷ್ಟೇನೂ ದೊಡ್ಡ ಹೆಸರಾಗಿರಲಿಲ್ಲ.

ಆದರೆ ಬೆಳಕಿಗೂ ಹೆರಿಗೆಗೂ ಒಂದು ನಂಟು ಅವರ ಮನಸ್ಸಿನಲ್ಲಿ ಇದ್ದೇ ಇತ್ತು. ಹೆರಿಗೆ ಕಾಯುವ ದೇವಿಯನ್ನು ಅವರು ಲೂಕೀನಾ ಅಂತ ಕರೆಯುತ್ತಿದ್ದರು. ಮಗುವನ್ನು ಕತ್ತಲಿಂದ ಬೆಳಕಿಗೆ ತರುವವಳು. ನೋವು ತಿನ್ನುವ ಹೆಂಗಸರು ಅವಳನ್ನು ಕೂಗುತ್ತಿದ್ದರು. ಇವತ್ತಿಗೂ ಸ್ಪ್ಯಾನಿಷ್ ಮತ್ತು ಇಟಾಲಿಯನ್ ಭಾಷೆಗಳಲ್ಲಿ ಹೆರುವುದಕ್ಕೆ 'ಬೆಳಕಿಗೆ ಕೊಡುವುದು' ಅಂತಲೇ ಹೇಳುತ್ತಾರೆ.

ಇನ್ನು ನನಗೆ ತುಂಬ ಇಷ್ಟವಾದ ಭಾಗ. ಲ್ಯಾಟಿನ್ನೂ ಸಂಸ್ಕೃತವೂ ಒಂದೇ ದೊಡ್ಡ ಭಾಷಾಕುಟುಂಬದವು. ಬೆಳಗು, ಹೊಳೆ ಅನ್ನುವ ಅರ್ಥದ ಹಳೆಯ ಬೇರೊಂದು ಆ ಮೂಲ ಭಾಷೆಯಲ್ಲಿ ಇತ್ತು, 'ಲೆಉಕ್' ಅನ್ನುವಂಥದ್ದು. ಲ್ಯಾಟಿನ್‌ನಲ್ಲಿ ಅದು ಲಕ್ಸ್ ಆಯಿತು. ಚಂದ್ರನಿಗೆ ಅವರು ಹೇಳುವ 'ಲೂನಾ' ಸಹ ಅಲ್ಲಿಂದಲೇ. ಗ್ರೀಕ್‌ನಲ್ಲಿ 'ಲ್ಯೂಕೋಸ್', ಬಿಳಿ. ಆಸ್ಪತ್ರೆಯಲ್ಲಿ ಕೇಳುವ ಲ್ಯುಕೇಮಿಯಾ ಪದದ ಮೊದಲರ್ಧ ಅದು. ಸಂಸ್ಕೃತದಲ್ಲಿ ಅದೇ ಬೇರು 'ರುಚ್' ಧಾತುವಾಯಿತು. ಲಕಾರ ರಕಾರವಾಗುವುದು ನಮಗೆ ಹೊಸದಲ್ಲ, 'ರಲಯೋರಭೇದಃ' ಅಂತ ಹಳಬರು ಹೇಳಿಯೇ ಇದ್ದಾರೆ. ರುಚ್ ಅಂದರೆ ಹೊಳೆ. ಅದರಿಂದ 'ರುಕ್ಮ' ಬಂತು, ಹೊಳೆಯುವುದು, ಅಂದರೆ ಚಿನ್ನ. ರುಕ್ಮದಿಂದ ರುಕ್ಮಿಣಿ.

ಹಾಗಾಗಿ ಲೂಸಿಯಾ ಮತ್ತು ರುಕ್ಮಿಣಿ ಒಂದೇ ಬೇರಿನ ಎರಡು ಹೆಣ್ಣುಮಕ್ಕಳು. ಪಂಢರಪುರದ ವಿಠಲನ ಪಕ್ಕ ನಿಂತವಳೂ, ಇಟಲಿಯ ಸಿಸಿಲಿ ದ್ವೀಪದಲ್ಲಿ ಬೆಳ್ಳಿಯ ಮೂರ್ತಿಯಾಗಿ ಮೆರವಣಿಗೆ ಹೋಗುವ ಸಂತ ಲೂಸಿಯಾಳೂ ಭಾಷೆಯ ಲೆಕ್ಕದಲ್ಲಿ ದೂರದ ಅಕ್ಕತಂಗಿಯರು. ನಾವು ದಿನಾ ಬಳಸುವ 'ರುಚಿ' ಕೂಡ ಇವರ ಮನೆಯದೇ. ಸಂಸ್ಕೃತದಲ್ಲಿ ರುಚಿ ಅಂದರೆ ಮೊದಲು ಕಾಂತಿ. ಆಮೇಲೆ ಮನಸ್ಸಿಗೆ ಹಿಡಿಸುವುದು. ನಾಲಗೆಗೆ ಹಿಡಿಸುವ ಅರ್ಥ ಆಮೇಲೆ ಬಂದದ್ದು. ಸಾರು ರುಚಿಯಾಗಿದೆ ಅನ್ನುವಾಗ ಅದರೊಳಗೆ ಒಂದು ಹಳೆಯ ಬೆಳಕು ಕೂತಿರುತ್ತದೆ. 'ಲೋಚನ'ವನ್ನು, ಅಂದರೆ ಕಣ್ಣನ್ನು ಕೂಡ ಭಾಷಾ ವಿದ್ವಾಂಸರು ಈ ಬೇರಿನ ಜೊತೆಗೇ ಸೇರಿಸುತ್ತಾರೆ. ಕಣ್ಣಿನ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಂದೇ ಹೆಸರು ಒಂದೊಂದು ಊರಿನಲ್ಲಿ ಒಂದೊಂದು ಥರ ಯಾಕೆ? ಹಳೆಯ ಲ್ಯಾಟಿನ್‌ನಲ್ಲಿ ಅದು ಲೂಕಿಯಾ, ಗಟ್ಟಿ ಕಕಾರ. ಕಕಾರದ ಮುಂದೆ ಇ ಅಥವಾ ಎ ಸ್ವರ ಬಂದಾಗ ನಾಲಗೆ ಮುಂದಕ್ಕೆ ಜಾರುತ್ತದೆ, ಕಿ ಹೋಗಿ ಚಿ ಆಗುತ್ತದೆ. ಇಟಲಿಯಲ್ಲಿ ಆದದ್ದು ಇದು. ಸ್ಪೇನ್, ಫ್ರಾನ್ಸುಗಳಲ್ಲಿ ನಾಲಗೆ ಇನ್ನೂ ಮುಂದೆ ಹೋಗಿ ಥ, ಸ ಆಯಿತು. ಈ ಜಾರುವಿಕೆ ನಮ್ಮ ಅಕ್ಕಪಕ್ಕದಲ್ಲೇ ನಡೆದಿದೆ. ನಾವು ಕಿವಿ ಅನ್ನುತ್ತೇವೆ, ತಮಿಳಿನವರು ಚೆವಿ ಅನ್ನುತ್ತಾರೆ. ನಮ್ಮದು ಕೈ, ತೆಲುಗಿನವರದು ಚೇಯಿ. ತಮಿಳು, ತೆಲುಗುಗಳಲ್ಲಿ ಜಾರಿದ ಕಕಾರವನ್ನು ಕನ್ನಡ ಹಾಗೇ ಹಿಡಿದು ಇಟ್ಟುಕೊಂಡಿದೆ. ಲ್ಯಾಟಿನ್ ಕುಟುಂಬದಲ್ಲಿ ಕನ್ನಡದಂಥ ಹಟಮಾರಿ ಅಂದರೆ ಸಾರ್ಡಿನಿಯಾ ದ್ವೀಪದ ಭಾಷೆ. ಅಲ್ಲಿ ಹೆಸರು ಚ, ಸ ಎರಡೂ ಆಗದೆ 'ಲುಗೀಯ' ಅಂತ ಉಳಿದುಕೊಂಡಿದೆ.

ಈಗ ಆ ಹುಡುಗಿಯ ವಿಷಯ.

ಊರು ಸಿಸಿಲಿ ದ್ವೀಪದ ಸಿರಾಕ್ಯೂಸ್. ಕಾಲ ಕ್ರಿ.ಶ. 304ರ ಆಸುಪಾಸು. ಡಯೊಕ್ಲೀಷಿಯನ್ ಚಕ್ರವರ್ತಿ ಕ್ರೈಸ್ತರನ್ನು ಹಿಡಿಸಿ ಕೊಲ್ಲಿಸುತ್ತಿದ್ದ. ಕಥೆ ಹೀಗಿದೆ. ಲೂಸಿಯಾಳ ತಾಯಿಗೆ ವರ್ಷಗಟ್ಟಲೆ ರಕ್ತಸ್ರಾವದ ಕಾಯಿಲೆ. ಮಗಳು ತಾಯಿಯನ್ನು ಕತಾನಿಯಾ ಊರಿನ ಸಂತ ಅಗಾಥಳ ಸಮಾಧಿಗೆ ಕರೆದುಕೊಂಡು ಹೋಗುತ್ತಾಳೆ. ಕಾಯಿಲೆ ವಾಸಿಯಾಗುತ್ತದೆ. ಮಗಳು ತನ್ನ ಮದುವೆಗೆಂದು ಎತ್ತಿಟ್ಟ ವರದಕ್ಷಿಣೆಯನ್ನೆಲ್ಲ ಬಡವರಿಗೆ ಹಂಚುತ್ತಾಳೆ. ಗೊತ್ತು ಮಾಡಿದ ಗಂಡಿಗೆ ಸಿಟ್ಟು ಬಂದು, ಇವಳು ಕ್ರೈಸ್ತಳು ಅಂತ ಅಧಿಕಾರಿಗೆ ದೂರು ಕೊಡುತ್ತಾನೆ. ಎಳೆದೊಯ್ಯಲು ಬಂದವರಿಗೆ ಅವಳು ಅಲುಗುವುದಿಲ್ಲ, ಎತ್ತುಗಳನ್ನು ಕಟ್ಟಿ ಎಳೆಸಿದರೂ ಅಲುಗುವುದಿಲ್ಲ. ಕೊನೆಗೆ ಕೊರಳಿಗೆ ಕತ್ತಿ.

ಇದರಲ್ಲಿ ಇತಿಹಾಸ ಅಂತ ಗಟ್ಟಿಯಾಗಿ ಹೇಳಬಹುದಾದದ್ದು ಬಹಳ ಕಡಿಮೆ. ಅವಳ ಹೆಸರು, ಅವಳ ಊರು, ಅವಳ ಹಬ್ಬ. 1894ರಲ್ಲಿ ಪುರಾತತ್ವ ವಿದ್ವಾಂಸ ಪಾವೊಲೊ ಓರ್ಸಿ ಸಿರಾಕ್ಯೂಸ್‌ನ ನೆಲದಡಿಯ ಸಮಾಧಿಗಳಲ್ಲಿ ಒಂದು ಗ್ರೀಕ್ ಶಾಸನ ಕಂಡ. ಎವುಸ್ಕಿಯಾ ಎಂಬ ಹೆಂಗಸಿನ ಸಮಾಧಿಯ ಕಲ್ಲು ಅದು. 'ನನ್ನೊಡತಿ ಲೂಕಿಯಾಳ ಹಬ್ಬದ ದಿನ' ಅವಳು ತೀರಿಕೊಂಡಳು ಅಂತ ಅದರಲ್ಲಿ ಕೆತ್ತಿದೆ. ಲೂಸಿಯಾ ಸತ್ತು ಸುಮಾರು ನೂರು ವರ್ಷದ ಹೊತ್ತಿನ ಕಲ್ಲು. ಅಷ್ಟರಲ್ಲೇ ಊರಿನವರು ಅವಳ ದಿನವನ್ನು ನೆನಪಿಟ್ಟುಕೊಂಡು, ಸಾವಿನ ತಾರೀಖನ್ನು ಅದರಿಂದಲೇ ಗುರುತಿಸುತ್ತಿದ್ದರು. ನನಗೆ ಎತ್ತುಗಳ ಪವಾಡಕ್ಕಿಂತ ಈ ಕಲ್ಲಿನ ಒಂದು ಸಾಲು ಜಾಸ್ತಿ ಮನಸ್ಸು ಮುಟ್ಟುತ್ತದೆ.

ಗಮನಿಸಿ, ಈ ಹಳೆಯ ಕಥೆಯಲ್ಲಿ ಕಣ್ಣಿನ ಮಾತೇ ಇಲ್ಲ. ಆದರೆ ಇವತ್ತು ಯುರೋಪಿನ ಯಾವ ಚರ್ಚಿಗೆ ಹೋದರೂ ಸಂತ ಲೂಸಿಯಾಳನ್ನು ಗುರುತಿಸುವುದು ಕಣ್ಣಿನಿಂದಲೇ. ಕೈಯಲ್ಲಿ ಒಂದು ತಟ್ಟೆ ಹಿಡಿದಿರುತ್ತಾಳೆ. ತಟ್ಟೆಯಲ್ಲಿ ಎರಡು ಕಣ್ಣು, ನಮ್ಮನ್ನೇ ನೋಡುತ್ತಿರುತ್ತವೆ. ಮೊದಲ ಸಲ ಚಿತ್ರ ನೋಡಿದವರು ಬೆಚ್ಚಿಬೀಳುತ್ತಾರೆ. ಅವಳ ಕಣ್ಣು ಕೀಳಿಸಿದರು, ದೇವರು ಹೊಸ ಕಣ್ಣು ಕೊಟ್ಟ ಅನ್ನುವ ಕಥೆ ನೂರಾರು ವರ್ಷ ತಡವಾಗಿ ಸೇರಿಕೊಂಡದ್ದು. ಎಲ್ಲಿಂದ ಬಂತು? ಹೆಸರಿನಿಂದ. ಹೆಸರಿನಲ್ಲಿ ಬೆಳಕಿದೆ, ಬೆಳಕು ಕಾಣುವುದು ಕಣ್ಣಿಗೆ, ಹಾಗಾದರೆ ಕಣ್ಣು ಕಾಯುವವಳು ಇವಳೇ. ಜನ ಹೀಗೆ ಲೆಕ್ಕ ಹಾಕಿದರು. ಮತ್ತೆ ಕಣ್ಣಿಗೂ ಅವಳಿಗೂ ಇರುವ ನಂಟಿಗೆ ಒಂದು ಕಥೆ ಬೇಕಾಯಿತು, ಕಥೆ ಹುಟ್ಟಿತು.

ಕಣ್ಣು ಮಂಜಾದವರು ಅವಳಿಗೆ ಹರಕೆ ಹೊರುತ್ತಾರೆ. ವಾಸಿಯಾದರೆ ಬೆಳ್ಳಿ ತಗಡಿನಲ್ಲಿ ಒಂದು ಜೊತೆ ಕಣ್ಣು ಮಾಡಿಸಿ ಒಪ್ಪಿಸುತ್ತಾರೆ. ನಮ್ಮ ಅಮ್ಮನ ಗುಡಿಗಳ ಮುಂದಿನ ಅಂಗಡಿಗಳಲ್ಲಿ ಬೆಳ್ಳಿ ಕಣ್ಣು ಮಾರುವುದನ್ನು ನೋಡಿ ಬೆಳೆದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಯ ಕಡಲ ತೀರದಲ್ಲಿ ಇನ್ನೊಂದು ಪದ್ಧತಿ ಇದೆ. ಒಂದು ಜಾತಿಯ ಕಡಲ ಬಸವನಹುಳು ತನ್ನ ಚಿಪ್ಪಿನ ಬಾಯಿ ಮುಚ್ಚಿಕೊಳ್ಳಲು ಇಟ್ಟುಕೊಂಡಿರುವ ಪುಟ್ಟ ಮುಚ್ಚಳ, ಒಂದು ಕಡೆ ಕೇಸರಿ ಬಣ್ಣ, ಇನ್ನೊಂದು ಕಡೆ ಬಿಳಿ ಸುರುಳಿ. ಅದಕ್ಕೆ 'ಸಂತ ಲೂಸಿಯಾಳ ಕಣ್ಣು' ಅಂತ ಹೆಸರು. ಮರಳಿನಲ್ಲಿ ಸಿಕ್ಕರೆ ದೃಷ್ಟಿಯಾಗದಿರಲಿ ಅಂತ ಕೊರಳಿಗೆ ಕಟ್ಟಿಕೊಳ್ಳುತ್ತಾರೆ.

ಹಬ್ಬದ ದಿನ ಡಿಸೆಂಬರ್ 13. ಆ ತಾರೀಖಿನಲ್ಲೂ ಬೆಳಕಿನ ಆಟ ಇದೆ. ಹಳೆಯ ಜೂಲಿಯನ್ ಕ್ಯಾಲೆಂಡರಿನಲ್ಲಿ ವರ್ಷದ ಲೆಕ್ಕ ಸ್ವಲ್ಪ ಸ್ವಲ್ಪವೇ ತಪ್ಪುತ್ತಾ ಬಂದು, 14ನೇ ಶತಮಾನದ ಹೊತ್ತಿಗೆ ವರ್ಷದ ಅತಿ ದೊಡ್ಡ ರಾತ್ರಿ ಸರಿಯಾಗಿ ಡಿಸೆಂಬರ್ 13ಕ್ಕೆ ಬಂದು ಕೂತಿತ್ತು. ಬೆಳಕು ಅಂತ ಹೆಸರಿರುವವಳ ಹಬ್ಬ, ಎಲ್ಲಕ್ಕಿಂತ ಕತ್ತಲಾದ ರಾತ್ರಿಯಲ್ಲಿ. 17ನೇ ಶತಮಾನದ ಇಂಗ್ಲಿಷ್ ಕವಿ ಜಾನ್ ಡನ್ ಈ ದಿನವನ್ನು ವರ್ಷದ ನಡುರಾತ್ರಿ ಅಂತ ಕರೆದಿದ್ದಾನೆ. ಆಮೇಲೆ ಕ್ಯಾಲೆಂಡರ್ ಸರಿಪಡಿಸಿದರು, ದೊಡ್ಡ ರಾತ್ರಿ 21ಕ್ಕೋ 22ಕ್ಕೋ ಹೋಯಿತು, ಹಬ್ಬ ಮಾತ್ರ 13ರಲ್ಲೇ ಉಳಿಯಿತು. ನಮ್ಮ ಸಂಕ್ರಾಂತಿಗೂ ಸುಮಾರು ಇಂಥದೇ ಆಗಿದೆ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ಕ್ಕೆ, ನಾವು ಎಳ್ಳುಬೆಲ್ಲ ಬೀರುವುದು ಜನವರಿ ಮಧ್ಯದಲ್ಲಿ. ಕಾರಣ ಬೇರೆ, ಆದರೆ ಹಬ್ಬ ಒಂದು ಕಡೆ ಆಕಾಶ ಇನ್ನೊಂದು ಕಡೆ ಆದದ್ದು ಒಂದೇ.

ಚಳಿಗಾಲದ ಕತ್ತಲು ಅಂದರೆ ಏನು ಅಂತ ಸ್ವೀಡನ್ನಿನವರನ್ನು ಕೇಳಬೇಕು. ಡಿಸೆಂಬರಿನಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮಧ್ಯಾಹ್ನ ಮೂರಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಸಂತರ ಹಬ್ಬಗಳನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟ ಪ್ರಾಟೆಸ್ಟೆಂಟ್ ದೇಶ ಅದು. ಆದರೂ ಸಿಸಿಲಿಯ ಈ ಹುಡುಗಿಯನ್ನು ಬಿಟ್ಟಿಲ್ಲ. 13ರ ಬೆಳಗ್ಗೆ ಇನ್ನೂ ಕತ್ತಲಿರುವಾಗಲೇ ಶಾಲೆ, ಆಸ್ಪತ್ರೆ, ಚರ್ಚುಗಳಲ್ಲಿ ದೀಪ ಆರಿಸುತ್ತಾರೆ. ಬಾಗಿಲ ಆಚೆಯಿಂದ ಹಾಡು ಕೇಳುತ್ತದೆ. ಮೊದಲು ಬರುವವಳು ಲೂಸಿಯಾ. ಬಿಳಿ ನಿಲುವಂಗಿ, ಸೊಂಟಕ್ಕೆ ಕೆಂಪು ಪಟ್ಟಿ, ತಲೆಯ ಮೇಲೆ ಉರಿಯುವ ಮೇಣದಬತ್ತಿಗಳ ಕಿರೀಟ. ಕುತ್ತಿಗೆ ನೆಟ್ಟಗಿಟ್ಟುಕೊಂಡು ನಿಧಾನ ನಡೆಯುತ್ತಾಳೆ, ಓಡಿದರೆ ಮೇಣ ಕೂದಲಿಗೆ ಬೀಳುತ್ತದೆ. ಹಿಂದೆ ಒಂದೊಂದೇ ಮೇಣದಬತ್ತಿ ಹಿಡಿದ ಹುಡುಗ ಹುಡುಗಿಯರು. ಕೆಂಪು ಪಟ್ಟಿ ಕೊರಳು ಕೊಯ್ದ ರಕ್ತದ ಗುರುತು. ಹಾಡು ಮುಗಿದ ಮೇಲೆ ಕಾಫಿ, ಜೊತೆಗೆ ಕೇಸರಿ ಹಾಕಿದ ಹಳದಿ ಬನ್ನು. ಇಂಗ್ಲಿಷಿನ 'ಎಸ್' ಅಕ್ಷರದ ಹಾಗೆ ಎರಡೂ ತುದಿ ಸುತ್ತಿ, ಪ್ರತಿ ಸುರುಳಿಯ ನಡುವೆ ಒಂದು ಒಣದ್ರಾಕ್ಷಿ ಒತ್ತಿರುತ್ತಾರೆ. ಇದು ಊರೂರಿನ ಹಬ್ಬವಾಗಿ ಹರಡಿದ್ದು 1927ರಲ್ಲಿ ಸ್ಟಾಕ್‌ಹೋಮ್‌ನ ಒಂದು ಪತ್ರಿಕೆ ಲೂಸಿಯಾ ಆಯ್ಕೆಯ ಸ್ಪರ್ಧೆ ಶುರು ಮಾಡಿದ ಮೇಲೆ. ನೊಬೆಲ್ ಪ್ರಶಸ್ತಿ ತೆಗೆದುಕೊಳ್ಳಲು ಬಂದವರು ಅಷ್ಟು ಹೊತ್ತಿಗೆ ಅದೇ ಊರಿನ ಹೋಟೆಲಿನಲ್ಲಿರುತ್ತಾರೆ. ಅವರನ್ನೂ ಆ ದಿನ ಬೆಳಗ್ಗೆ ಲೂಸಿಯಾ ಹಾಡಿ ಎಬ್ಬಿಸುವ ಪದ್ಧತಿ ಇದೆ.

ಅವಳ ಸ್ವಂತ ಊರಿನಲ್ಲಿ ಹಬ್ಬದ ಗುರುತು ಗೋಧಿ. 1646ರಲ್ಲಿ ಸಿಸಿಲಿಯಲ್ಲಿ ಬರ ಬಿದ್ದಿತ್ತಂತೆ. ಜನ ಲೂಸಿಯಾಳನ್ನು ಬೇಡಿಕೊಂಡರು, ಗೋಧಿ ತುಂಬಿದ ಹಡಗು ಬಂದರಿಗೆ ಬಂತು. ಬೀಸುವಷ್ಟು ತಾಳ್ಮೆ ಯಾರಿಗಿತ್ತು? ಕಾಳನ್ನು ಹಾಗೇ ಬೇಯಿಸಿ ತಿಂದರು. ಅದಕ್ಕೇ ಇವತ್ತಿಗೂ ಡಿಸೆಂಬರ್ 13ರಂದು ಅಲ್ಲಿ ಬ್ರೆಡ್ಡು, ಪಾಸ್ತಾ ಮುಟ್ಟದೆ, ಇಡೀ ಗೋಧಿ ಬೇಯಿಸಿ ಸಿಹಿ ಹಾಕಿದ 'ಕುಚ್ಚೀಯ' ತಿನ್ನುತ್ತಾರೆ. ಮೇಲೆ ರಿಕೊಟ್ಟಾ ಅನ್ನುವ ಮೆದು ಗಿಣ್ಣು. ಬೆಲ್ಲ ಮತ್ತು ಗಸಗಸೆ ಸೇರಿಸಿದರೆ ನಮ್ಮ ಉತ್ತರ ಕರ್ನಾಟಕದ ಗೋಧಿ ಹುಗ್ಗಿಗೆ ಬಹಳ ದೂರವಿಲ್ಲ. ಬೆಳ್ಳಿಯ ಮೂರ್ತಿಯನ್ನು ಹೆಗಲ ಮೇಲೆ ಹೊತ್ತವರು 'ಅವಳು ಸಿರಾಕ್ಯೂಸಿನವಳು' ಅಂತ ತಮ್ಮ ಆಡುಮಾತಿನಲ್ಲಿ ಕೂಗುತ್ತಾ ಹೋಗುತ್ತಾರೆ. ಕೂಗಲು ಕಾರಣವಿದೆ. ಅವಳ ದೇಹ ಅಂತ ನಂಬುವ ಅವಶೇಷ ಆ ಊರಿನಲ್ಲಿಲ್ಲ, ವೆನಿಸ್‌ನಲ್ಲಿದೆ. ವೆನಿಸ್‌ನಲ್ಲಿ ಅವಳ ಚರ್ಚನ್ನು 1861ರಲ್ಲಿ ಕೆಡವಿ, ಆ ಜಾಗದಲ್ಲಿ ರೈಲು ನಿಲ್ದಾಣ ಕಟ್ಟಿದರು. ಟೂರಿಗೆ ಹೋಗಿ ರೈಲು ಇಳಿದ ಕನ್ನಡಿಗರು ಆ ಬೋರ್ಡು ನೋಡಿರುತ್ತಾರೆ, ವೆನೆಜಿಯಾ ಸಾಂತಾ ಲುಚೀಯ.

ಇಷ್ಟು ಪ್ರಚಾರ ಸಿಕ್ಕಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಕ್ಯಾಥೊಲಿಕರ ಬಲಿಪೂಜೆಯ ಪ್ರಾಚೀನ ಪ್ರಾರ್ಥನೆಯಲ್ಲಿ ಕೆಲವೇ ಹೆಣ್ಣುಮಕ್ಕಳ ಹೆಸರು ಸೇರಿವೆ: ಪೆರ್ಪೆತುವಾ, ಅಗಾಥ, ಲೂಸಿಯಾ, ಆಗ್ನೆಸ್, ಸಿಸಿಲಿಯಾ ಹೀಗೆ. ಸಾವಿರಕ್ಕೂ ಹೆಚ್ಚು ವರ್ಷ, ಸಾವಿರಾರು ಚರ್ಚುಗಳಲ್ಲಿ ಗುರುಗಳು ಅದನ್ನು ಹೇಳುತ್ತಾ ಬಂದರು. ಕಿವಿಗೆ ಬಿದ್ದ ಹೆಸರು ತೊಟ್ಟಿಲಿಗೆ ಬಂತು. ಕವಿ ದಾಂತೆ ತನ್ನ ಮಹಾಕಾವ್ಯದಲ್ಲಿ, ಕತ್ತಲ ಕಾಡಿನಲ್ಲಿ ದಾರಿ ತಪ್ಪಿದ ತನಗೆ ಸಹಾಯ ಕಳಿಸುವ ಮೂವರು ಸ್ತ್ರೀಯರಲ್ಲಿ ಒಬ್ಬಳಾಗಿ ಲೂಸಿಯಾಳನ್ನು ಇಟ್ಟ. ಪೋರ್ಚುಗೀಸರ ಜೊತೆ ಹೆಸರು ಹಡಗು ಹತ್ತಿ ಗೋವಾಕ್ಕೆ ಬಂತು, ಅಲ್ಲಿಂದ ನಮ್ಮ ಕರಾವಳಿಗೆ. ಕೊಂಕಣಿ ಮಾತಾಡುವ ಮನೆಯ ಲೂಸಿಯೂ ಪಕ್ಕದ ಮನೆಯ ಜ್ಯೋತಿಯೂ ಅರ್ಥದಲ್ಲಿ ಒಂದೇ. ದೀಪಾ, ಪ್ರಭಾ, ಕಿರಣಾ ಎಲ್ಲರೂ ಅದೇ ಬೀದಿಯವರು.

ಈಗ ಎಷ್ಟು ಜನ ಇಡುತ್ತಾರೆ? ಸ್ಪೇನಿನಲ್ಲಿ ಈ ಶತಮಾನದಲ್ಲಿ ಬಹುತೇಕ ವರ್ಷ ಹೊಸ ಹೆಣ್ಣುಮಕ್ಕಳ ಹೆಸರುಗಳಲ್ಲಿ ಮೊದಲ ಸ್ಥಾನ ಲುಥೀಯಳದೇ. ಅಮೆರಿಕದಲ್ಲಿ ಅದು ಏರಿ ಇಳಿದು ಮತ್ತೆ ಏರಿದೆ. 1880ರ ದಶಕದಲ್ಲಿ ಲೂಸಿ ಮೊದಲ ನೂರು ಹೆಸರುಗಳಲ್ಲಿತ್ತು. 20ನೇ ಶತಮಾನದ ಮಧ್ಯ ದಾಟಿದ ಮೇಲೆ ಅಜ್ಜಿಯ ಹೆಸರು ಅನ್ನಿಸಿಕೊಂಡು ಕೆಳಗಿಳಿಯಿತು. 2010ರ ದಶಕದಲ್ಲಿ ಮತ್ತೆ ನೂರರೊಳಗೆ ಬಂತು. ಇಂಗ್ಲೆಂಡಿನಲ್ಲಿ ಈ ಶತಮಾನದ ಮೊದಲ ವರ್ಷಗಳಲ್ಲಿ ಮೊದಲ ಹತ್ತರಲ್ಲೇ ಇತ್ತು. ಅಜ್ಜಿಯ ಹೆಸರು ಅಮ್ಮನಿಗೆ ಹಳತು, ಮೊಮ್ಮಗಳಿಗೆ ಹೊಸದು. ನಮ್ಮಲ್ಲಿ ಅನಸೂಯಾ, ಜಾನಕಿ ಅಂತ ಈಗಿನ ಮಕ್ಕಳಿಗೆ ಮತ್ತೆ ಇಡುತ್ತಿಲ್ವಾ, ಹಾಗೇ. ಅದರ ಜೊತೆ ಲೂಸಿ ಹೇಳಲು ಸುಲಭ, ಎರಡೇ ಅಕ್ಷರ, ಯಾವ ಭಾಷೆಯ ನಾಲಗೆಗೂ ತೊಡಕಿಲ್ಲ.

ಒಂದು ದೇಶಕ್ಕೂ ಈ ಹೆಸರಿದೆ. ವೆಸ್ಟ್ ಇಂಡೀಸಿನ ಸೇಂಟ್ ಲೂಸಿಯಾ, 1979ರಲ್ಲಿ ಸ್ವತಂತ್ರವಾದ ಪುಟ್ಟ ದ್ವೀಪ. ಕ್ರಿಕೆಟ್ ನೋಡುವವರಿಗೆ ಡ್ಯಾರೆನ್ ಸ್ಯಾಮಿಯ ಊರು ಅಂದರೆ ಗೊತ್ತಾಗುತ್ತದೆ. 2024ರ ಟಿ20 ವಿಶ್ವಕಪ್ಪಿನಲ್ಲಿ ರೋಹಿತ್ ಶರ್ಮಾ ಆಸ್ಟ್ರೇಲಿಯಾ ಮೇಲೆ 41 ಎಸೆತಕ್ಕೆ 92 ಹೊಡೆದದ್ದು ಅಲ್ಲೇ. ಆ ದೇಶದ ರಾಷ್ಟ್ರೀಯ ದಿನ ಡಿಸೆಂಬರ್ 13.

ಈ ಹೆಸರಿನವರಲ್ಲಿ ಎಲ್ಲರಿಗಿಂತ ಹಿರಿಯಳು ಇಥಿಯೋಪಿಯಾದವಳು. 1974ರ ನವೆಂಬರ್ 24ರಂದು ಹದಾರ್ ಎಂಬಲ್ಲಿ ಡೊನಾಲ್ಡ್ ಜೊಹಾನ್ಸನ್ ಮತ್ತು ಟಾಮ್ ಗ್ರೇ ಎಂಬ ಸಂಶೋಧಕರಿಗೆ ನೆಲದಲ್ಲಿ ಒಂದು ಮೊಣಕೈ ಎಲುಬಿನ ಚೂರು ಕಂಡಿತು. ಹುಡುಕುತ್ತಾ ಹೋದ ಹಾಗೆ ಒಂದೇ ದೇಹದ ಸುಮಾರು 40 ಶೇಕಡಾ ಅಸ್ಥಿಪಂಜರ ಸಿಕ್ಕಿತು. ಎರಡು ಕಾಲಲ್ಲಿ ನೆಟ್ಟಗೆ ನಡೆಯುತ್ತಿದ್ದ, ಮೂರೂವರೆ ಅಡಿ ಎತ್ತರದ, ಸುಮಾರು 32 ಲಕ್ಷ ವರ್ಷ ಹಿಂದಿನ ಒಂದು ಹೆಣ್ಣು. ಆ ರಾತ್ರಿ ಶಿಬಿರದಲ್ಲಿ ಸಂಭ್ರಮ. ಟೇಪಿನಲ್ಲಿ ಬೀಟಲ್ಸ್ ತಂಡದ 'ಲೂಸಿ ಇನ್ ದಿ ಸ್ಕೈ ವಿತ್ ಡೈಮಂಡ್ಸ್' ಮತ್ತೆ ಮತ್ತೆ ಹಾಡುತ್ತಿತ್ತು. ಎಲುಬಿಗೆ ಹೆಸರು ಸಿಕ್ಕಿತು. ಆ ಹಾಡಿನ ಲೂಸಿಯಾದರೂ ಯಾರು? ಜಾನ್ ಲೆನ್ನನ್‌ನ ಪುಟ್ಟ ಮಗ ಶಾಲೆಯಲ್ಲಿ ಬಿಡಿಸಿ ತಂದ ಚಿತ್ರದಲ್ಲಿದ್ದ ಗೆಳತಿ. ಇಥಿಯೋಪಿಯಾದ ಜನ ತಮ್ಮ ಅಮ್ಹಾರಿಕ್ ಭಾಷೆಯಲ್ಲಿ ಆ ಅಸ್ಥಿಪಂಜರಕ್ಕೆ ಬೇರೆ ಹೆಸರಿಟ್ಟಿದ್ದಾರೆ, 'ದಿನ್ಕಿನೆಶ್', ನೀನೊಂದು ಅಚ್ಚರಿ ಅಂತ. ಅದೂ ಸುಂದರ ಹೆಸರು.

ಆ ಎಲುಬಿನ ಹೆಸರನ್ನು ನಾಸಾ ಒಂದು ಬಾಹ್ಯಾಕಾಶ ನೌಕೆಗೆ ಇಟ್ಟಿತು. 2021ರ ಅಕ್ಟೋಬರ್ 16ರಂದು ಹೊರಟ ಲೂಸಿ, 2023ರ ನವೆಂಬರ್ 1ರಂದು ಒಂದು ಸಣ್ಣ ಕ್ಷುದ್ರಗ್ರಹದ ಪಕ್ಕ ಹಾದುಹೋಯಿತು. ಆ ಕ್ಷುದ್ರಗ್ರಹಕ್ಕೂ ದಿನ್ಕಿನೆಶ್ ಅಂತಲೇ ಹೆಸರಿಟ್ಟಿದ್ದರು. ನೌಕೆಗೆ ಇಂಧನದ ಚಿಂತೆಗಿಂತ ಬೆಳಕಿನ ಚಿಂತೆ ಜಾಸ್ತಿ, ಅದರ ವಿದ್ಯುತ್ತೆಲ್ಲ ಬಿಸಿಲಿನಿಂದಲೇ ಬರಬೇಕು. ಅದಕ್ಕೆ ಏಳು ಮೀಟರಿಗೂ ಅಗಲದ ಎರಡು ದುಂಡು ಸೌರಫಲಕಗಳಿವೆ, ಬೀಸಣಿಗೆ ಬಿಚ್ಚಿದ ಹಾಗೆ ಬಿಚ್ಚಿಕೊಳ್ಳುತ್ತವೆ. ಅದು ಹೋಗುತ್ತಿರುವುದು ಗುರುಗ್ರಹದ ಹಾದಿಯಲ್ಲಿ ಸುತ್ತುವ ಟ್ರೋಜನ್ ಕ್ಷುದ್ರಗ್ರಹಗಳ ಕಡೆಗೆ. ಅಲ್ಲಿ ಬೀಳುವ ಬಿಸಿಲು ನಮ್ಮಲ್ಲಿ ಬೀಳುವುದರ ನೂರರಲ್ಲಿ ಮೂರು ನಾಲ್ಕು ಪಾಲು ಮಾತ್ರ. ಮೊದಲನೆಯದು ಯೂರಿಬೇಟಿಸ್, ಅಲ್ಲಿಗೆ ತಲುಪಬೇಕಾದ ತಿಂಗಳು 2027ರ ಆಗಸ್ಟ್. ಅಷ್ಟು ಕಡಿಮೆ ಬೆಳಕನ್ನು ಆ ಎರಡು ಬೀಸಣಿಗೆಯಲ್ಲಿ ಹಿಡಿದುಕೊಂಡು ಲೂಸಿ ಅಲ್ಲಿಯ ಕಲ್ಲುಗಳ ಫೋಟೋ ತೆಗೆಯಬೇಕು.